ಚೀಟಿ ಸಿಗದಿದ್ದರೆ ಕಾದಂಬರಿ ಮುಗಿಯಲ್ವಾ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ದಾವಣಗೆರೆಯ ಚೌಕಿಪೇಟೆಯಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತೇನೆ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಇಂಜಿನಿಯರಿಂಗ್‌ನಲ್ಲಿ ಒಟ್ಟಿಗೆ ಓದಿದ ನಾಲ್ವರ ಕತೆ. ಓದು ಮುಗಿದು ಎರಡು ವರ್ಷಕ್ಕೆ ಅವರಲ್ಲೊಬ್ಬಳು, ಚಿತ್ರದುರ್ಗದವಳು, ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಉಳಿದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಮಂಜ, ಚಳ್ಳಕೆರೆಯ ಬ್ಯಾಂಕಿನಲ್ಲಿರುವ ಸುಧಾ, ಕತೆ ಹೇಳುವ ನಾಗರಾಜ. ಮೂವರೂ ಮಂಜನ ಹಳೇ ಪಲ್ಸರ್ ಮತ್ತು ಬಸ್ಸು ಹಿಡಿದು ಊರೂರು ಸುತ್ತಿ ಅವಳು ಹೀಗೇಕೆ ಮಾಡಿದಳು ಅಂತ ಹುಡುಕುತ್ತಾರೆ. ಕೊನೇ ಅಧ್ಯಾಯದಲ್ಲಿ ಅವಳ ಲ್ಯಾಬ್ ರೆಕಾರ್ಡ್ ಬುಕ್ಕಿನೊಳಗೆ ಒಂದು ಚೀಟಿ ಸಿಕ್ಕಿ ಎಲ್ಲ ಗೊತ್ತಾಗುತ್ತದೆ. ಓದಿದ ಒಬ್ಬರು "ಪತ್ತೇದಾರಿ ಕತೆ ಆಯ್ತಲ್ಲೋ" ಅಂದರು. ಅಲ್ಲಿಗೆ ನನ್ನ ಪೆನ್ನು ನಿಂತಿದೆ. ಇಂಥ ಸಾವಿನಲ್ಲಿ ಪೊಲೀಸರು ಏನು ಮಾಡುತ್ತಾರೆ? ನಿಮ್ಮಂಥವರು ಕಾರಣ ಹೇಗೆ ಹುಡುಕುತ್ತೀರಿ? ಆ ರಾತ್ರಿಯನ್ನು ಎಷ್ಟು ವಿವರವಾಗಿ ಬರೆಯಬಹುದು? ಇದು ಪೂರ್ತಿ ಕಲ್ಪನೆಯಲ್ಲ ಅಂತಲೂ ಹೇಳಿಬಿಡುತ್ತೇನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಂಜ, ಸುಧಾ, ನಾಗರಾಜ, ಮೂವರ ಹೆಸರೂ ಇದೆ. ಮಂಜನ ಗಾಡಿಯ ಹೆಸರೂ ಇದೆ. ಹೋದ ಹುಡುಗಿಯ ಹೆಸರು ಎಲ್ಲೂ ಇಲ್ಲ. ಮೊದಲಿಂದ ಕೊನೆವರೆಗೆ ಬರೀ "ಅವಳು". ಇದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ, ಆಮೇಲೆ ಬರುತ್ತೇನೆ.

ನಾನು ಕತೆಗಾರನಲ್ಲ. ಇಪ್ಪತ್ತು ವರ್ಷದ ಮೇಲಾಯ್ತು, ಇದೇ ಊರಲ್ಲಿ ಮನೋವೈದ್ಯ. ರಾತ್ರಿ ಮಲಗುವ ಮುಂಚೆ ಕಾದಂಬರಿ ಓದುವ ಚಟ ಇದೆ, ಅಷ್ಟೇ. ಹಾಗಾಗಿ ಕತೆ ಕಟ್ಟುವ ಬಗ್ಗೆ ನಾನು ಹೇಳುವುದನ್ನು ಅರ್ಧ ಬಿಟ್ಟು ಅರ್ಧ ತಗೊಳ್ಳಿ.

ಮೊದಲು ಚೀಟಿ. ನಿಮ್ಮ ಪೆನ್ನು ನಿಂತದ್ದು ಅಲ್ಲೇ, ನಿಂತದ್ದು ಒಳ್ಳೆಯದೇ ಆಯ್ತು. ಸಿನಿಮಾದಲ್ಲಿ ಚೀಟಿ ಸಿಕ್ಕೇ ಸಿಗುತ್ತದೆ. ನಿಜದಲ್ಲಿ ಬಹಳಷ್ಟು ಜನ ಏನೂ ಬರೆದಿಟ್ಟಿರುವುದಿಲ್ಲ. ಬರೆದಿಟ್ಟವರ ಚೀಟಿಗಳನ್ನೂ ನೋಡಿದ್ದೇನೆ. ಮೂಲ ಪ್ರತಿ ಸ್ಟೇಷನ್ನಿನಲ್ಲಿರುತ್ತದೆ. ಮನೆಯವರು ಜೆರಾಕ್ಸ್ ಮಾಡಿಸಿ, ನಾಲ್ಕಾಗಿ ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ತರುತ್ತಾರೆ. ಮಡಿಕೆಯ ಜಾಗದಲ್ಲಿ ಕಾಗದ ಹರಿದಿರುತ್ತದೆ, ಅಷ್ಟು ಸಲ ಬಿಚ್ಚಿರುತ್ತಾರೆ. ಒಳಗೆ ನೋಡಿದರೆ ಎರಡು ಸಾಲು. ಯಾರೂ ಕಾರಣರಲ್ಲ ಅಂತ ಒಂದು. ಸಾರಿ ಅಂತ ಇನ್ನೊಂದು. ಒಂದು ಚೀಟಿಯಲ್ಲಿ ರೂಮ್‌ಮೇಟ್‌ಗೆ ಕೊಡಬೇಕಾಗಿದ್ದ 650 ರೂಪಾಯಿಯ ಲೆಕ್ಕ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆ ಅಪ್ಪ ನನ್ನ ಮುಂದೆ ಕೂತು "650ರಲ್ಲಿ ಏನಾದರೂ ಅರ್ಥ ಇದೆಯಾ ಡಾಕ್ಟ್ರೇ?" ಅಂತ ಕೇಳಿದರು. ಇರಲಿಲ್ಲ. ಅವರ ಮಗಳು ಸಾಲ ಉಳಿಸಿಕೊಳ್ಳುವ ಹುಡುಗಿಯಾಗಿರಲಿಲ್ಲ, ಅಷ್ಟೇ. ಯೋಚಿಸಿದರೆ ಅದೂ ಏನು ಸಣ್ಣ ವಿಷಯ ಅಲ್ಲ.

ಆ ಹೊತ್ತಿನ ಮನಸ್ಸು ಕುದುರೆಗೆ ಕಣ್ಪಟ್ಟಿ ಕಟ್ಟಿದ ಹಾಗೆ. ಅಕ್ಕಪಕ್ಕದಲ್ಲಿ ದಾರಿ ಇದ್ದರೂ ಕಾಣುವುದಿಲ್ಲ. ಅಂಥ ಮನಸ್ಸು ತನ್ನ ಇಪ್ಪತ್ತನಾಲ್ಕು ವರ್ಷವನ್ನು ನಿಂತು ನೋಡಿ ಸಾರಾಂಶ ಬರೆದಿಡಲಾರದು. ಆ ಹೊತ್ತು ದಾಟಿ ಬದುಕಿದವರನ್ನು ಕೇಳಿದರೆ "ಅವತ್ತು ಯಾಕೆ ಹಾಗನ್ನಿಸ್ತು ಅಂತ ನನಗೇ ಸರಿಯಾಗಿ ಹೇಳಕ್ಕಾಗಲ್ಲ" ಅನ್ನುತ್ತಾರೆ. ಹಾಗಂದವರು ಆಮೇಲೆ ಮಗುವಿನ ಜ್ವರಕ್ಕೆ ಯಾವ ಡಾಕ್ಟರ್ ಒಳ್ಳೆಯವರು ಅಂತ ಕೇಳಲು ನನ್ನ ಕ್ಲಿನಿಕ್ಕಿಗೆ ಬಂದದ್ದಿದೆ. ನಿಮ್ಮ ರೆಕಾರ್ಡ್ ಬುಕ್ಕಿನಲ್ಲಿ ಚೀಟಿ ಇರಬೇಕು ಅಂತಲೇ ಇದ್ದರೆ ಇರಲಿ. ಅದು ಕೀಲಿಕೈ ಆಗುವುದು ಬೇಡ.

ಪೊಲೀಸರ ಭಾಗ ಸುಲಭ, ಬೇಗ ಹೇಳಿಬಿಡುತ್ತೇನೆ. ಸ್ಟೇಷನ್ನಿನಲ್ಲಿ ಮೊದಲು ಯುಡಿಆರ್ ದಾಖಲಾಗುತ್ತದೆ, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಹಿಂದೆ ಇದು ತನಿಖೆಯ ಕ್ರಮ ಹೇಳುವ ಹಳೇ ಕಾನೂನು ಸಿಆರ್‌ಪಿಸಿಯ 174ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194. ನಿಮ್ಮ ಕತೆ ಯಾವ ವರ್ಷದ್ದೋ ನೋಡಿ ಹಾಕಿ. ಅಕ್ಕಪಕ್ಕದ ಇಬ್ಬರು ಪಂಚರ ಎದುರು ಪಂಚನಾಮೆ, ಆಮೇಲೆ ಪೋಸ್ಟ್‌ಮಾರ್ಟಂ. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳಾದರೆ ತಹಶೀಲ್ದಾರರು ಬರುತ್ತಾರೆ, ನಿಮ್ಮ ಹುಡುಗಿಗೆ ಅದು ಬೇಕಾಗಲಿಕ್ಕಿಲ್ಲ. ಯಾರಾದರೂ ಪ್ರಚೋದನೆ ಕೊಟ್ಟರು ಅಂತ ದೂರು ಬಂದರೆ ಬೇರೆ ಕೇಸು: ಹಳೇ ದಂಡ ಸಂಹಿತೆ ಐಪಿಸಿಯ 306, ಈಗ ಹೊಸ ಸಂಹಿತೆ ಬಿಎನ್‌ಎಸ್ 108, ಹತ್ತು ವರ್ಷದವರೆಗೆ ಶಿಕ್ಷೆ.

ಪಂಚನಾಮೆ ನೋಡುವುದು ಸಾವು ಯಾವುದರಿಂದ ಆಯ್ತು, ಅನುಮಾನ ಏನಾದರೂ ಇದೆಯಾ ಅಂತ. ಯಾಕೆ ಅನ್ನುವುದಕ್ಕೆ ಆ ಕಾಗದದಲ್ಲಿ ಜಾಸ್ತಿ ಅಂದರೆ ಅರ್ಧ ಸಾಲು. ಆ ಅರ್ಧ ಸಾಲು ನಿಮಗೂ ಬಾಯಿಪಾಠ ಇರುತ್ತದೆ, ಪೇಪರಿನಲ್ಲಿ ಓದಿರುತ್ತೀರಿ. "ಜೀವನದಲ್ಲಿ ಜಿಗುಪ್ಸೆಗೊಂಡು." "ಹೊಟ್ಟೆನೋವು ತಾಳಲಾರದೆ." ಕೆಲಸ ಶುರು ಮಾಡಿದ ಹೊಸತರಲ್ಲಿ, ಈ ಸೀಮೆಯ ಜನರಿಗೆ ಇಷ್ಟೊಂದು ಹೊಟ್ಟೆನೋವು ಎಲ್ಲಿಂದಪ್ಪಾ ಬಂತು ಅಂದುಕೊಂಡಿದ್ದೆ. ನೀರು ಸರಿ ಇಲ್ಲವೇನೋ ಅಂತಲೂ ಅನ್ನಿಸಿತ್ತು. ಆಮೇಲೆ ತಿಳಿಯಿತು. ಕೆಲವರಿಗೆ ಹೊಟ್ಟೆನೋವು ನಿಜವಾಗಿಯೂ ಇರುತ್ತದೆ, ಖಿನ್ನತೆ ಎಷ್ಟೋ ಸಲ ಮೈಕೈ ನೋವಾಗಿ, ಹೊಟ್ಟೆನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಉಳಿದ ಮನೆಗಳಲ್ಲಿ ಅದು, ನಮಗೆ ಯಾರ ಮೇಲೂ ಕೇಸು ಬೇಡ, ಮಗಳ ಹೆಸರು ಬೀದಿಗೆ ಬೀಳುವುದು ಬೇಡ ಅಂತ ಹೇಳುವ ಮರ್ಯಾದೆಯ ಮಾತು.

ಸುಧಾ ಕೈಗೆ ಆ ಕಾಗದದ ಕಾಪಿ ಕೊಡಿ. ಹಾಸ್ಟೆಲಿನಿಂದ ಹೊರಟು ಮೂರು ಪ್ಲೇಟು ಮಿರ್ಚಿ ಮಂಡಕ್ಕಿ ತಿಂದು ಮೇಲೊಂದು ಸೋಡಾ ಕುಡಿದು ಬರುತ್ತಿದ್ದವಳಿಗೆ ಹೊಟ್ಟೆನೋವಾ ಅಂತ ಅವಳಿಗೆ ಅಲ್ಲೇ ಸಿಟ್ಟು ಬರಲಿ. ಮಿರ್ಚಿ ನಾನು ಸೇರಿಸಿದ್ದು. ನಿಮ್ಮ ಹುಡುಗಿ ಏನು ತಿನ್ನುತ್ತಿದ್ದಳು ಅಂತ ನೀವು ಹೇಳಿಲ್ಲ.

ದೇಶದ ಲೆಕ್ಕವೂ ಹೀಗೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಹೀಗೆ ಹೋದರು. ಶೇ 31.7 "ಕೌಟುಂಬಿಕ ಸಮಸ್ಯೆ", ಶೇ 18.4 "ಕಾಯಿಲೆ". ಒಂದು ಸಾವು, ಒಂದು ಡಬ್ಬಿ. ಮನೆಯಲ್ಲಿ ಜಗಳವೂ ಇತ್ತು, ಆರು ತಿಂಗಳಿಂದ ನಿದ್ದೆಯೂ ಇರಲಿಲ್ಲ, ಕೆಲಸವೂ ಹೋಗಿತ್ತು ಅನ್ನುವವಳನ್ನು ಯಾವ ಡಬ್ಬಿಗೆ ಹಾಕುತ್ತೀರಿ? ನನ್ನ ಅನುಭವದಲ್ಲಿ ಒಂದೇ ಕಾರಣದ ಸಾವನ್ನು ನಾನು ನೋಡೇ ಇಲ್ಲ. ಪರೀಕ್ಷೆ ಫೇಲಾಗಿದ್ದು, ಲವ್ ಮುರಿದದ್ದು, ಅಪ್ಪ ಬೈದದ್ದು, ಇವೆಲ್ಲ ತುಂಬಿದ ಕೊಡಕ್ಕೆ ಬಿದ್ದ ಕೊನೇ ಹನಿ. ಊರು ಆ ಹನಿಯ ಬಗ್ಗೆ ಮಾತಾಡುತ್ತದೆ. ಕೊಡ ಯಾವಾಗಿನಿಂದ ತುಂಬುತ್ತಿತ್ತು ಅಂತ ಕೇಳುವವರು ಕಡಿಮೆ.

ನಮ್ಮ ಕಡೆ ಅದನ್ನು ಕೇಳುವ ಒಂದು ಕ್ರಮ ಇದೆ. ಸೈಕಲಾಜಿಕಲ್ ಅಟಾಪ್ಸಿ ಅನ್ನುತ್ತಾರೆ, ಮನಸ್ಸಿನ ಪೋಸ್ಟ್‌ಮಾರ್ಟಂ ಅಂದುಕೊಳ್ಳಿ. 1950ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಎಡ್ವಿನ್ ಶ್ನೈಡ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರರು ಇದನ್ನು ಶುರು ಮಾಡಿದರು. ಹೋದವರ ಮನೆಯವರು, ಗೆಳೆಯರು, ಜೊತೆ ಕೆಲಸ ಮಾಡಿದವರು, ನೋಡಿದ ಡಾಕ್ಟರು, ಎಲ್ಲರ ಹತ್ತಿರವೂ ಬೇರೆ ಬೇರೆಯಾಗಿ ಕೂತು ಮಾತಾಡುವುದು. ನಿಮ್ಮ ಮೂವರು ಮಾಡುತ್ತಿರುವುದೂ ಅದನ್ನೇ, ತರಬೇತಿ ಇಲ್ಲದೆ.

ವ್ಯತ್ಯಾಸ ಇರುವುದು ಪ್ರಶ್ನೆಯಲ್ಲಿ. ಮಂಜ ಕೇಳುವುದು "ಯಾರಾದ್ರೂ ಹುಡುಗ ಇದ್ನಾ?" ಅಂತ. ನಾವು ಕೇಳುವುದು ಸಪ್ಪೆ ಪ್ರಶ್ನೆ. ಊಟ ಮಾಡ್ತಿದ್ಳಾ? ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗ್ತಿತ್ತು? ತಲೆ ಬಾಚ್ಕೊಳೋದು ಬಿಟ್ಟಿದ್ಳಾ? ಫೋನ್ ಎತ್ತೋದು ಯಾವಾಗಿಂದ ಕಮ್ಮಿ ಆಯ್ತು? ಸಾಲ ಇತ್ತಾ? ಹಿಂದೆ ಒಮ್ಮೆ ಹೀಗೆ ಪ್ರಯತ್ನ ಮಾಡಿದ್ಳಾ? ಇದರಲ್ಲಿ ಕೊನೆಯದು ದೊಡ್ಡ ಪ್ರಶ್ನೆ. ಹಿಂದೊಮ್ಮೆ ಪ್ರಯತ್ನ ನಡೆದಿದ್ದರೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ. ಮನೆಯವರು ಬಚ್ಚಿಡುವುದೂ ಅದನ್ನೇ. "ಫುಡ್ ಪಾಯ್ಸನ್ ಆಗಿತ್ತು" ಅಂತ ಆಸ್ಪತ್ರೆಯಲ್ಲಿ ಹೇಳಿ ಮೂರು ದಿನಕ್ಕೆ ಮನೆಗೆ ಕರಕೊಂಡು ಹೋಗಿರುತ್ತಾರೆ. ಪೊಲೀಸ್ ಭಯ. ಆ ಭಯ ಈಗ ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು, ಚಿಕಿತ್ಸೆ ಕೊಡಬೇಕು ಅನ್ನುತ್ತದೆ ಅದರ 115ನೇ ಸೆಕ್ಷನ್. ಪ್ರಯತ್ನವನ್ನೇ ಅಪರಾಧ ಅನ್ನುತ್ತಿದ್ದ ಹಳೇ ಐಪಿಸಿ 309 ಕೂಡ ಹೊಸ ಸಂಹಿತೆಯಲ್ಲಿ ಇಲ್ಲ. ನಿಮ್ಮ ಮೂವರು ಚಿತ್ರದುರ್ಗದ ಆ ಮನೆಯಲ್ಲಿ ಕೂತಾಗ, ಅಜ್ಜಿ ಕಾಫಿ ಲೋಟ ಇಡುತ್ತಾ "ಪಿಯುಸಿಯಾಗೂ ಒಂದ್ಸಾರಿ ಫುಡ್ ಪಾಯ್ಸನ್ ಆಗಿತ್ತು ನೋಡು" ಅಂದುಬಿಟ್ಟರೆ ಸಾಕು. ಅವಳ ಅಮ್ಮ ಅಜ್ಜಿಯ ಕಡೆ ಒಮ್ಮೆ ನೋಡುತ್ತಾರೆ, ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮ್ಮ ಚೀಟಿಗಿಂತ ಇದು ಜಾಸ್ತಿ ಹೇಳುತ್ತದೆ.

ಹೀಗೆ ಎಲ್ಲರ ಹತ್ತಿರ ಮಾತಾಡಿ ಮುಗಿಸಿದಾಗ ಒಂದು ವಿಚಿತ್ರ ಆಗುತ್ತದೆ. ಅಮ್ಮನ ಹುಡುಗಿಯೇ ಬೇರೆ, ಪಿಜಿ ರೂಮ್‌ಮೇಟ್‌ನ ಹುಡುಗಿಯೇ ಬೇರೆ, ಟೀಮ್ ಲೀಡರಿನ ಹುಡುಗಿಯೇ ಬೇರೆ. "ಯಾವಾಗಲೂ ನಗ್ತಿದ್ಳು" ಅಂತ ಆಫೀಸು. "ನಕ್ಕದ್ದು ನೋಡಿ ವರ್ಷ ಆಗಿತ್ತು" ಅಂತ ತಮ್ಮ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ನಿಮ್ಮ ಮೂವರೂ ಮೂರು ಬೇರೆ ಹುಡುಗಿಯರ ಗೆಳೆಯರಾಗಿದ್ದರು ಅಂತ ಅವರಿಗೆ ಅರಿವಾಗುವ ಜಾಗ ಕಾದಂಬರಿಯ ನಟ್ಟನಡುವೆ ಬರಲಿ. ಕೊನೆಗೆ ತಳ್ಳಬೇಡಿ. ಪತ್ತೇದಾರಿ ಕತೆ ಅನ್ನುವ ದೂರು ಹೋಗುವುದು ಅಲ್ಲಿಂದ.

ಕೆಲವು ವರ್ಷದ ಹಿಂದಿನ ಮಾತು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಮೂವರು ಬಂದಿದ್ದರು, ನಿಮ್ಮ ಮೂವರ ವಯಸ್ಸಿನವರೇ. ಗೆಳತಿ ಹೋಗಿ ನಲವತ್ತು ದಿನ ಆಗಿತ್ತು. ಒಬ್ಬ ಫೋನಿನಲ್ಲಿ ಒಂದು ಫೋಟೋ ತೆಗೆದು ನನ್ನ ಕಡೆ ತಿರುಗಿಸಿದ. ಬೆಣ್ಣೆದೋಸೆ ಹೋಟೆಲಿನಲ್ಲಿ ತೆಗೆದದ್ದು. ಸ್ಟೀಲ್ ತಟ್ಟೆ, ಪಲ್ಯ, ಬಿಳಿ ಚಟ್ನಿ, ದೋಸೆ ಮೇಲಿನ ಬೆಣ್ಣೆ ಇನ್ನೂ ಕರಗಿಲ್ಲ. ಅವಳು ಕ್ಯಾಮೆರಾ ಕಡೆ ನೋಡುತ್ತಾ ಒಂದು ತುತ್ತು ಎತ್ತಿ ಹಿಡಿದಿದ್ದಾಳೆ. "ಎಷ್ಟು ಖುಷಿಯಾಗಿದ್ಳು ನೋಡಿ ಸರ್" ಅಂದ. ಪಕ್ಕದಲ್ಲಿದ್ದವಳು "ಕಣ್ಣು ನೋಡೋ, ಕಣ್ಣು ಸರಿಯಾಗಿ ನೋಡು" ಅಂದಳು. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು. ಮೂರನೆಯವನು ಮಾತಾಡಲಿಲ್ಲ. ಫೋಟೋ ತೆಗೆದವನು ಅವನು.

ಅದು ಅವಳು ಹೋಗುವುದಕ್ಕೆ ಎಂಟು ತಿಂಗಳ ಹಿಂದಿನ ಫೋಟೋ. ಎಂಟು ತಿಂಗಳು ಮೂವರ ಫೋನಿನಲ್ಲೂ ಇತ್ತು. ಯಾರಿಗೂ ಆ ಕಣ್ಣಿನಲ್ಲಿ ಏನೂ ಕಂಡಿರಲಿಲ್ಲ. ಸಾವಿನ ಸುದ್ದಿ ಬಂದ ಮೇಲೆ ಹಿಂದಿನ ಪ್ರತಿಯೊಂದು ದಿನವೂ ಬಣ್ಣ ಬದಲಿಸುತ್ತದೆ. ಎತ್ತದೇ ಹೋದ ಒಂದು ಕಾಲ್, ಬ್ಲೂ ಟಿಕ್ ಬಿದ್ದೂ ಉತ್ತರ ಕೊಡದ ಒಂದು ಮೆಸೇಜ್, "ಸುಮ್ನೆ ಮಾಡ್ದೆ ಕಣೋ" ಅಂದ ಒಂದು ಮಾತು, ಎಲ್ಲವೂ ಸಾಕ್ಷಿಯಾಗಿ ಎದ್ದು ನಿಲ್ಲುತ್ತವೆ. ಆಗ ಗೊತ್ತಾಗುವಂತಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ಸಾವು ಗೊತ್ತಿಲ್ಲದವರಾಗಿ ನಿಂತು ನೋಡುವುದು ಈಗ ಅವರಿಂದ ಆಗದ ಕೆಲಸ. ನಾಗರಾಜ ಕತೆ ಹೇಳುವವನಾದ್ದರಿಂದ ಅವನಿಗೇ ಇದು ಜಾಸ್ತಿ ಆಗುತ್ತದೆ. ಅವನ ನೆನಪನ್ನು ಓದುಗರು ಪೂರ್ತಿ ನಂಬುವ ಹಾಗೆ ಬರೆಯಬೇಡಿ.

ಹಾಗಂತ ಮೊದಲೇ ಏನೂ ಕಾಣುವುದಿಲ್ಲ ಅಂತಲ್ಲ. "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ" ಅನ್ನುವ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಜನರಿಂದ ಪೂರ್ತಿ ಸರಿದುಬಿಡುವುದು, ಕುಡಿತ ಏರುವುದು, ಇವನ್ನು ಹಗುರವಾಗಿ ತಗೊಳ್ಳಬಾರದು. ಆಗ "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಬಹುದು. ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಇದು ಚೆನ್ನಾಗಿ ಪರೀಕ್ಷೆಯಾದ ವಿಷಯ. ಕೇಳಿದ ಕೂಡಲೇ ಎಷ್ಟೋ ಜನ ಉಸಿರುಬಿಟ್ಟು ಅಳುತ್ತಾರೆ.

ಇಲ್ಲಿ ನನಗೆ "ಕೆರೆಗೆ ಹಾರ" ನೆನಪಾಗುತ್ತದೆ. ಅದು ಬಲಿಯ ಕತೆ, ನಿಮ್ಮದರ ಜಾತಿಯದಲ್ಲ, ನಿಜ. ಆದರೆ ನೋಡಿ, ಭಾಗೀರಥಿ ತವರಿಗೆ ಹೋದಾಗ ಮುಖ ಬಾಡಿದ್ದನ್ನು ಅಪ್ಪ ಅಮ್ಮ ಗಮನಿಸಿ ಕೇಳುತ್ತಾರೆ. ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯ ಮುಂದೆ ಮಾತ್ರ. ಗೆಳತಿಯ ಉತ್ತರ ಏನು? ಅವರು ಇಟ್ಟ ಹಾಗೆ ಇರಬೇಕು ಅನ್ನುವ ಅರ್ಥದ ಮಾತು. ಅಷ್ಟಕ್ಕೇ ಪದ ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ. ಶಾಲೆಯಲ್ಲಿ ಓದಿದ ದಿನದಿಂದ ನನಗೆ ಆ ಗೆಳತಿಯದೇ ಯೋಚನೆ. ಸುದ್ದಿ ಬಂದ ದಿನ ಅವಳು ಒಲೆ ಹಚ್ಚಿದಳಾ? ಅವಳೇನು ಕೆಟ್ಟವಳಲ್ಲ. ಎಲ್ಲರೂ ಹೇಳುತ್ತಿದ್ದ ಬುದ್ಧಿಮಾತನ್ನೇ ಹೇಳಿದಳು. "ಅಡ್ಜಸ್ಟ್ ಮಾಡ್ಕೊಳೇ" ಅಂತ ನಿಮ್ಮ ಸುಧಾ ಎಂದೋ ಹೇಳಿರುತ್ತಾಳಲ್ಲ, ಅದೇ ಮಾತು. ನಿಮ್ಮ ಕಾದಂಬರಿ ಆ ಗೆಳತಿಯ ಮನೆಬಾಗಿಲಲ್ಲಿ ಶುರುವಾಗುತ್ತದೆ ಅಂತ ನನ್ನ ಲೆಕ್ಕ.

ಆ ರಾತ್ರಿಯ ವಿವರ ಕೇಳಿದ್ದೀರಿ. ಬರೆಯಬೇಡಿ. ವಿಧಾನ ಬೇಡ, ವಸ್ತು ಬೇಡ, ಹೊತ್ತು ಬೇಡ, ನಕ್ಷೆಯಲ್ಲಿ ಸಿಗುವ ಜಾಗ ಬೇಡ. ದುರ್ಗದ ಕೋಟೆ, ಮಳೆ, ಬೆಳದಿಂಗಳು ಇವನ್ನೆಲ್ಲ ಆ ಸಾವಿನ ಸುತ್ತ ಹೂವಿನ ಹಾಗೆ ಜೋಡಿಸುವ ಆಸೆ ಬಂದರಂತೂ ಪೆನ್ನು ಕೆಳಗಿಡಿ. ಇದು ಮಡಿವಂತಿಕೆಯ ಮಾತಲ್ಲ. 1774ರಲ್ಲಿ ಬಂದ ಒಂದು ಜರ್ಮನ್ ಕಾದಂಬರಿಯ ನಾಯಕ ವರ್ಥರ್ ಜೀವ ತೆಗೆದುಕೊಳ್ಳುತ್ತಾನೆ. ಅದನ್ನು ಅನುಕರಿಸುತ್ತಾರೆ ಅನ್ನುವ ಭಯಕ್ಕೆ ಕೆಲವು ಊರುಗಳಲ್ಲಿ ಪುಸ್ತಕ ನಿಷೇಧವಾಯಿತು. ಇನ್ನೂರು ವರ್ಷದ ಮೇಲೆ, 1974ರಲ್ಲಿ, ಅಮೆರಿಕದ ಡೇವಿಡ್ ಫಿಲಿಪ್ಸ್ ಪತ್ರಿಕೆಗಳ ಮುಖಪುಟದಲ್ಲಿ ಇಂಥ ಸುದ್ದಿ ಬಂದ ಮೇಲೆ ಸಾವುಗಳು ಏರುವುದನ್ನು ಲೆಕ್ಕ ಹಾಕಿ ತೋರಿಸಿ, ಅದಕ್ಕೆ ವರ್ಥರ್ ಎಫೆಕ್ಟ್ ಅಂತ ಹೆಸರಿಟ್ಟರು. ಇದರ ಇನ್ನೊಂದು ಮುಖವೂ ಇದೆ. 2010ರಲ್ಲಿ ವಿಯೆನ್ನಾದ ಸಂಶೋಧಕರು, ಕಷ್ಟದ ಹೊತ್ತನ್ನು ದಾಟಿ ಬದುಕಿದವರ ಕತೆ ಹೇಳುವ ವರದಿಗಳ ಜೊತೆ ಸಾವುಗಳು ತಗ್ಗಿದ್ದನ್ನು ಕಂಡರು. ನಿಮ್ಮ ಮೂವರಲ್ಲಿ ಒಬ್ಬರಿಗೆ, ಬಹುಶಃ ಮಂಜನಿಗೆ, ನಡುವೆ ಕತ್ತಲು ಕವಿಯುತ್ತದೆ ಅಂತಿಟ್ಟುಕೊಳ್ಳಿ. ಅವನು ಅದನ್ನು ಯಾರಿಗೋ ಹೇಳಿ, ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನ ಕ್ಯೂನಲ್ಲಿ ನಿಂತು, ಮಾತ್ರೆಯಿಂದ ಬಾಯಿ ಒಣಗುತ್ತದೆ ಅಂತ ಗೊಣಗುತ್ತಾ ಈಚೆ ಬರಲಿ. ಗೊಣಗಾಟ ಮರೆಯಬೇಡಿ, ಅದಿಲ್ಲದಿದ್ದರೆ ಸರ್ಕಾರಿ ಜಾಹೀರಾತು ಆಗುತ್ತದೆ. ಅಂದಹಾಗೆ, ಹಳ್ಳಿಯ ಆಸ್ಪತ್ರೆಯಲ್ಲೇ ಮನಸ್ಸಿಗೂ ಔಷಧಿ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ.

ಪದಗಳ ಬಗ್ಗೆ ಒಂದು ಮಾತು. "ಆತ್ಮಹತ್ಯೆಗೆ ಶರಣು" ಅಂತ ಬರೆಯಬೇಡಿ. ಶರಣು ಶರಣಾರ್ಥಿ ಅಂತ ನಮಸ್ಕಾರ ಹೇಳುವ ಸೀಮೆ ನಮ್ಮದು, ಆ ಪದವನ್ನು ಪೇಪರಿನವರು ಅಲ್ಲಿಗೆ ತಂದು ಕೂರಿಸಿದ್ದು ನನಗೆ ಯಾವತ್ತೂ ಸರಿ ಕಂಡಿಲ್ಲ. ಮನೆಗಳಲ್ಲಿ ಜನ ಹಾಗೆ ಮಾತಾಡುವುದೂ ಇಲ್ಲ. ದನಿ ತಗ್ಗಿಸಿ "ಏನೋ ಮಾಡ್ಕೊಂಡ್ಬಿಟ್ಳಂತೆ" ಅನ್ನುತ್ತಾರೆ. ಆ "ಏನೋ"ದಲ್ಲಿ ನಿಮ್ಮ ಓದುಗನಿಗೆ ಬೇಕಾದಷ್ಟು ಇದೆ.

ದಾವಣಗೆರೆಯಲ್ಲಿ ಯಾರು ಹೋದರೂ ಸರ್ಕಲ್ಲಿನಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ. ಹೀಗೆ ಹೋದ ಹುಡುಗಿಗೆ ಏಳುವುದಿಲ್ಲ. ಶಿವಗಣಾರಾಧನೆಯ ಕಾರ್ಡೂ ಎಷ್ಟೋ ಸಲ ಅಚ್ಚಾಗುವುದಿಲ್ಲ. ಮನೆಯವರಿಗಾದರೆ ಮೂರನೇ ದಿನ ಹಾಲುತುಪ್ಪ, ಆಮೇಲೆ ತಿಥಿ ಅಂತ ಮಾಡಲಿಕ್ಕೆ ಏನಾದರೂ ಇರುತ್ತದೆ. ಗೆಳೆಯರಿಗೆ ಏನೂ ಇಲ್ಲ. ಗೇಟಿನ ಹೊರಗೆ ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ ನಿಂತಿರುತ್ತಾರೆ. ಫ್ರೆಂಡ್ ಸತ್ತಳು ಅಂತ ಆಫೀಸಿನಲ್ಲಿ ರಜೆಯೂ ಸಿಗುವುದಿಲ್ಲ. ಇಂಥ ಒಂದು ಸಾವು ಸುಮಾರು 135 ಜನರ ಬದುಕಿಗೆ ತಾಗುತ್ತದೆ ಅಂತ ಅಮೆರಿಕದ ಒಂದು ಅಧ್ಯಯನದ ಲೆಕ್ಕ. ಆ 135ರಲ್ಲಿ ಗೆಳೆಯರನ್ನು ಯಾರೂ ಮಾತಾಡಿಸುವುದಿಲ್ಲ. ಅದಕ್ಕೇ ನಿಮ್ಮ ಮೂವರು ಪತ್ತೇದಾರರಾಗುವುದು. ಅರವತ್ತು ಕಿಲೋಮೀಟರ್ ಹೈವೇಯಲ್ಲಿ, ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ನೋಡುತ್ತಾ, ಮತ್ತೆ ಮತ್ತೆ ಹೋಗಿ ಬರುವುದೇ ಅವರ ಹಾಲುತುಪ್ಪ.

ಈಗ ಪಕ್ಕಕ್ಕಿಟ್ಟ ವಿಷಯ. "ಪೂರ್ತಿ ಕಲ್ಪನೆಯಲ್ಲ" ಅಂದಿದ್ದೀರಿ. ನಾಗರಾಜ ಚೌಕಿಪೇಟೆಯ ಅಂಗಡಿಯಲ್ಲಿ ಕೂರುತ್ತಾನಾ ಅಂತ ನಾನು ಕೇಳುವುದಿಲ್ಲ. ನಿಮ್ಮ ನಿಜವಾದ ಗೆಳತಿಯ ಮನೆಯವರು ಈ ಪುಸ್ತಕ ಓದಬಹುದು, ಆದ್ದರಿಂದ ಊರು, ಕಾಲೇಜು, ಮನೆತನ ಬದಲಿಸಿ. ಆ ಅಧ್ಯಾಯಗಳನ್ನು ರಾತ್ರಿ ಶಟರ್ ಎಳೆದ ಮೇಲೆ ಒಬ್ಬರೇ ಕೂತು ಬರೆಯಬೇಡಿ, ಬೆಳಿಗ್ಗೆ ಬರೆಯಿರಿ. ಬರೆದ ದಿನ ನಿದ್ದೆ ಹಾರಿದರೆ, ಅವಳಿದ್ದ ಕಡೆಗೇ ಮನಸ್ಸು ಎಳೆದರೆ, ಪುಸ್ತಕ ಎಲ್ಲಿಗೂ ಹೋಗುವುದಿಲ್ಲ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಕಡೆಯ ಸುಧಾ, ಮಂಜ ಯಾರೋ, ಅವರಿಗೂ ಒಂದು ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿ. ಪುಸ್ತಕದ ವಿಷಯ ಆಮೇಲೆ ಎತ್ತಿದರಾಯಿತು.

ಮುಂದಿನ ಪತ್ರದಲ್ಲಿ ಕಾದಂಬರಿಯ ಹುಡುಗಿಗೆ ಒಂದು ಹೆಸರಿಟ್ಟು ಕಳಿಸಿ. ಅವಳು ಮಿರ್ಚಿ ತಿನ್ನುತ್ತಿದ್ದಳಾ, ತಿಂದರೆ ಬೀಜ ತೆಗೆದು ತಿನ್ನುತ್ತಿದ್ದಳಾ, ಅದನ್ನೂ ಬರೆಯಿರಿ.